ಮೆಡೋಸ್ ಟೇಲರ್: ಸುರಪುರದ ಪಾಲಕ, ಸುರಪುರದ ಸಾಕ್ಷಿ

ಫಿಲಿಪ್ ಮೆಡೋಸ್ ಟೇಲರ್ ೧೮೦೮ರಲ್ಲಿ ಲಿವರ್‌ಪೂಲಿನ ವರ್ತಕ ಕುಟುಂಬವೊಂದರಲ್ಲಿ ಜನಿಸಿದನು. ೧೮೨೪ರಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಬಂದನು. ಆ ವ್ಯಾಪಾರವು ಕುಸಿದಿದ್ದುದರಿಂದ ಅದೇ ವರ್ಷ ಹೈದರಾಬಾದಿನ ನಿಜಾಮನ ಸೇನೆಯಲ್ಲಿ ಅಧಿಕಾರಿಯಾದನು. ಹುಟ್ಟಿನಿಂದ ಆಂಗ್ಲನಾದರೂ ಆತನು ಕಂಪನಿಯ ನೇರ ನೌಕರನಾಗಿರಲಿಲ್ಲ. ಈ ನಡುವಣ ಸ್ಥಿತಿಯೇ ಆತನ ಬದುಕನ್ನು ರೂಪಿಸಿತು. ಥಗ್ಗರನ್ನು ಕುರಿತ ಆತನ ಕಾದಂಬರಿ ೧೮೩೯ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಗಿ ಪ್ರಸಿದ್ಧಿ ಪಡೆಯಿತು.

೧೮೪೧ರಲ್ಲಿ ಟೇಲರ್, ಇಂದಿನ ಯಾದಗಿರಿ ಜಿಲ್ಲೆಯ ಸುರಪುರಕ್ಕೆ ನಿಯುಕ್ತನಾದನು. ಬೇಡ ನಾಯಕರ ಆ ಸಂಸ್ಥಾನವು ಆಗ ನಿಜಾಮನ ಸಾಲದ ಭಾರದಿಂದಲೂ ಅರಮನೆಯ ಒಳಜಗಳದಿಂದಲೂ ಬಳಲಿತ್ತು. ದೊರೆ ವೆಂಕಟಪ್ಪ ನಾಯಕನಿನ್ನೂ ಬಾಲಕ. ಅಧಿಕಾರವು ತಾಯಿ ಈಶ್ವರಮ್ಮನ ಕೈಯಲ್ಲಿತ್ತು. ಟೇಲರ್ ಕಂದಾಯವನ್ನು ಕ್ರಮಗೊಳಿಸಿದನು, ಬೋನಾಳದ ಕೆರೆಯ ಕಾಮಗಾರಿಯನ್ನು ಕೈಗೊಂಡನು, ಗುಡ್ಡದ ಮೇಲೆ ಇಂದಿಗೂ ಆತನ ಹೆಸರಿನಿಂದಲೇ ಕರೆಯಲ್ಪಡುವ ಮಂಜಿಲನ್ನು ಕಟ್ಟಿಸಿದನು. ಈ ಸೀಮೆಯ ಬೃಹತ್ ಶಿಲಾಸಮಾಧಿಗಳನ್ನು ಅಗೆದು, ಅಳೆದು, ಚಿತ್ರಸಹಿತವಾಗಿ ದಾಖಲಿಸಿದವರಲ್ಲಿ ಆತನು ಮೊದಲಿಗರ ಸಾಲಿನಲ್ಲಿ ನಿಲ್ಲುತ್ತಾನೆ. ಬಾಲಕ ದೊರೆಯು ಆತನನ್ನು ಅಪ್ಪ ಎಂದೇ ಕರೆಯುತ್ತಿದ್ದನು.

೧೮೫೩ರಲ್ಲಿ ಪ್ರಾಪ್ತವಯಸ್ಕನಾದ ದೊರೆಗೆ ಆಡಳಿತವನ್ನೊಪ್ಪಿಸಿ ಟೇಲರ್ ನಳದುರ್ಗಕ್ಕೆ ತೆರಳಿದನು. ಐದು ವರ್ಷಗಳ ತರುವಾಯ, ೧೮೫೮ರ ಫೆಬ್ರವರಿಯಲ್ಲಿ, ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ದಂಗೆಯೆದ್ದನು. ಸೋತು ಹೈದರಾಬಾದಿನಲ್ಲಿ ಸೆರೆಸಿಕ್ಕ ಆತನಿಗೆ ವಿಧಿಸಿದ ಮರಣದಂಡನೆಯು, ಟೇಲರನ ಮಧ್ಯಸ್ಥಿಕೆಯೂ ಸೇರಿದಂತೆ ನಡೆದ ಮರುಪರಿಶೀಲನೆಯಲ್ಲಿ, ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕಿಳಿಯಿತು. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ, ಸೆರೆಮನೆಗೆ ಸಾಗಿಸುವ ದಾರಿಯಲ್ಲಿ, ದೊರೆಯು ಗುಂಡೇಟಿನಿಂದ ಸತ್ತನು. ಸರಕಾರಿ ದಾಖಲೆಯಲ್ಲಿ ಅದು ಆತ್ಮಹತ್ಯೆ. ಸುರಪುರವನ್ನು ಮತ್ತೆ ಆಳಲು ಬಂದವನು ಟೇಲರನೇ. ಈ ಸಲ ಪಾಲಿಸಬೇಕಾದ ಬಾಲಕನಿರಲಿಲ್ಲ, ಉಳಿಸಿಕೊಡಬೇಕಾದ ಸಂಸ್ಥಾನವೂ ಇರಲಿಲ್ಲ.

೧೮೬೦ರಲ್ಲಿ ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿದ ಟೇಲರ್, ತಾರಾ, ಸೀತಾ ಮೊದಲಾದ ಕಾದಂಬರಿಗಳನ್ನು ರಚಿಸಿದನು. ೧೮೭೬ರಲ್ಲಿ ಫ್ರಾನ್ಸಿನ ಮೆಂಟನ್‌ನಲ್ಲಿ ನಿಧನನಾದನು. ಮರುವರ್ಷ ಪ್ರಕಟವಾದ ಆತನ ಆತ್ಮಕಥೆಯೇ ಸುರಪುರದ ಅಂತ್ಯವನ್ನು ತಿಳಿಯಲು ಬಹುಕಾಲದಿಂದ ಮುಖ್ಯ ಆಕರವಾಗಿದೆ. ದೊರೆಯನ್ನು ಬೆಳೆಸಿದವನು, ದೊರೆಯಿಲ್ಲದ ನಾಡನ್ನಾಳಿದವನು, ದೊರೆಯ ಕಥೆಯನ್ನು ಬರೆದವನು ಒಬ್ಬನೇ ಆಗಿರುವಲ್ಲಿ, ಆ ಕಥನದ ವಾತ್ಸಲ್ಯವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆ ವಾತ್ಸಲ್ಯವನ್ನೇ ನಿಷ್ಪಕ್ಷಪಾತವೆಂದು ಸ್ವೀಕರಿಸಿದರೆ, ವೆಂಕಟಪ್ಪ ನಾಯಕನು ಏಕೆ ದಂಗೆಯೆದ್ದನೆಂಬ ಪ್ರಶ್ನೆಗೆ ಉತ್ತರವನ್ನು ಆತನ ಪಾಲಕನೊಬ್ಬನಿಂದಲೇ ಪಡೆದಂತಾಗುತ್ತದೆ.