ಸತ್ಯ ನುಡಿದವನಿಗೆ ನಷ್ಟವಿಲ್ಲದ ಹರಾಜು: ವಿಲಿಯಂ ವಿಕ್ರಿ ಬದುಕು

ಅಂತರ್ಜಾಲದ ಹರಾಜಿನಲ್ಲಿ ಹಳೆಯ ಕ್ಯಾಮೆರಾ ಕೊಳ್ಳಲು ಹೊರಟವರನ್ನು ತಾಣವು ಮೊದಲು ಕೇಳುವುದು, ಈ ವಸ್ತುವಿಗೆ ತಾವು ಕೊಡಬಲ್ಲ ಗರಿಷ್ಠ ಬೆಲೆ ಎಷ್ಟು ಎಂದು. 5,000 ರೂಪಾಯಿ ಎಂದು ನಮೂದಿಸಿದರೆ ಆ ಅಂಕಿ ಗುಟ್ಟಾಗಿಯೇ ಉಳಿಯುತ್ತದೆ. ಎದುರಾಳಿಗಳು ಬೆಲೆ ಏರಿಸಿದಂತೆಲ್ಲ ಕೊಳ್ಳುವವರ ಪರವಾಗಿ ಯಂತ್ರವೇ ಒಂದೊಂದು ಮೆಟ್ಟಿಲು ಏರುತ್ತ ಹೋಗುತ್ತದೆ. ಎರಡನೆಯ ಸ್ಥಾನದಲ್ಲಿರುವವರು 3,200ಕ್ಕೆ ನಿಂತರೆ, ಗೆದ್ದವರು ತೆರಬೇಕಾದದ್ದು ಅದಕ್ಕಿಂತ ಒಂದು ಮೆಟ್ಟಿಲು ಹೆಚ್ಚು, ಅಷ್ಟೆ, 5,000 ಅಲ್ಲ. 1995ರಲ್ಲಿ ಪಿಯರ್ ಒಮಿಡ್ಯಾರ್ ಆರಂಭಿಸಿದ ತಾಣ, ಅಂದರೆ ಮುಂದೆ ಇಬೇ ಎಂದು ಹೆಸರಾದದ್ದು, ಜನಪ್ರಿಯಗೊಳಿಸಿದ ಈ ಪದ್ಧತಿಯ ಹಿಂದಿನ ತರ್ಕವನ್ನು ಅದಕ್ಕೂ 34 ವರ್ಷ ಮೊದಲೇ ಬಿಡಿಸಿ ತೋರಿಸಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ. ಹೆಸರಿನಲ್ಲೇ ವಿಕ್ರಯದ ಧ್ವನಿ ಇರುವುದು ಕನ್ನಡದ ಕಿವಿಗೆ ಕೇಳುವ ಕಾಕತಾಳೀಯ.

ಸುಳ್ಳು ಹೇಳಿದರೆ ಲಾಭವಿಲ್ಲ ಎನ್ನುವಂಥ ನಿಯಮವನ್ನು ರೂಪಿಸಿದ ಈ ಮನುಷ್ಯ, ಆ ನಿಯಮವನ್ನೂ ವಂಚಿಸಬಹುದಾದ ಒಂದು ಕಿಂಡಿಯನ್ನು ತಾವೇ ಗುರುತಿಸಿದ್ದರು. ಅಂತರ್ಜಾಲದ ಹರಾಜುಗಳು ಬಂದ ಮೇಲೆ ಮೋಸ ನುಗ್ಗಿದ್ದು ಅದೇ ಕಿಂಡಿಯಿಂದ.

ವಿಲಿಯಂ ಸ್ಪೆನ್ಸರ್ ವಿಕ್ರಿ ಜನಿಸಿದ್ದು 1914ರ ಜೂನ್ 21ರಂದು, ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ವಿಕ್ಟೋರಿಯಾ ನಗರದಲ್ಲಿ. ಶಾಲಾ ಶಿಕ್ಷಣ ಯುರೋಪ್ ಮತ್ತು ಅಮೆರಿಕಗಳಲ್ಲಿ ನಡೆಯಿತು. 1935ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪದವಿ, 1937ರಲ್ಲಿ ಕೊಲಂಬಿಯಾದಿಂದ ಸ್ನಾತಕೋತ್ತರ ಪದವಿ. ಆರ್ಥಿಕ ಮಹಾಕುಸಿತದ ಆ ವರ್ಷಗಳಲ್ಲಿ ಕಲಿತ ಅನೇಕರಂತೆ ಅವರಿಗೂ ನಿರುದ್ಯೋಗ ಮತ್ತು ತೆರಿಗೆಯ ಪ್ರಶ್ನೆಗಳೇ ಮುಖ್ಯವಾದವು. ಕ್ವೇಕರ್ ಪಂಥದ ಶಾಂತಿವಾದವನ್ನು ಒಪ್ಪಿದ್ದ ಅವರು ಎರಡನೆಯ ಮಹಾಯುದ್ಧದಲ್ಲಿ ಆತ್ಮಸಾಕ್ಷಿಯ ಕಾರಣ ನೀಡಿ ಆಯುಧ ಹಿಡಿಯಲು ನಿರಾಕರಿಸಿದರು. ಅದರ ಬದಲಿಗೆ ಸಲ್ಲಿಸಬೇಕಾದ ಸೇವೆಯ ಒಂದು ಭಾಗವನ್ನು ಪೋರ್ಟೊರಿಕೊ ದ್ವೀಪಕ್ಕೆ ಹೊಸ ವಾರಸಾ ತೆರಿಗೆಯ ಕರಡು ಸಿದ್ಧಪಡಿಸುವುದರಲ್ಲಿ ಕಳೆದರು. ಯುದ್ಧ ಒಲ್ಲೆ ಎಂದವನಿಗೆ ತೆರಿಗೆ ಕಾನೂನು ಬರೆಯುವ ಕೆಲಸ ಸಿಕ್ಕಿದ್ದು ಶಿಕ್ಷೆಯೋ ಬಹುಮಾನವೋ ಹೇಳುವುದು ಕಷ್ಟ. ವಿಕ್ರಿ ಅವರ ಮಟ್ಟಿಗಂತೂ ಅದು ಬಹುಮಾನವೇ ಇದ್ದೀತು.

1939ರಲ್ಲೇ ಪ್ರಕಟವಾದ ಒಂದು ಪ್ರಬಂಧದಲ್ಲಿ ಅವರ ಮನಸ್ಸಿನ ಓಟ ಸ್ಪಷ್ಟವಾಗಿತ್ತು. ಆದಾಯವನ್ನು ಈ ವರ್ಷ ತೋರಿಸುವುದೋ ಮುಂದಿನ ವರ್ಷಕ್ಕೆ ತಳ್ಳುವುದೋ ಎಂಬ ಲೆಕ್ಕಾಚಾರದಿಂದ ಶ್ರೀಮಂತರು ತೆರಿಗೆ ಉಳಿಸಿಕೊಳ್ಳುತ್ತಾರೆ. ಅಂಥವರನ್ನು ಹಿಡಿದು ದಂಡಿಸುವ ಮಾತನ್ನು ವಿಕ್ರಿ ಆಡಲಿಲ್ಲ. ಹಲವು ವರ್ಷಗಳ ಆದಾಯವನ್ನು ಒಟ್ಟಾಗಿ ಲೆಕ್ಕ ಹಾಕುವ ಸೂತ್ರ ಕೊಟ್ಟು, ಆದಾಯವನ್ನು ಹಿಂದೆಮುಂದೆ ಮಾಡುವುದರಿಂದ ಪ್ರಯೋಜನವೇ ಇಲ್ಲದಂತೆ ಮಾಡಿದರು. ಯುದ್ಧಾನಂತರ 1946ರಲ್ಲಿ ಕೊಲಂಬಿಯಾದಲ್ಲಿ ಅಧ್ಯಾಪಕರಾದರು. 1949ರಲ್ಲಿ ಜಪಾನಿನ ತೆರಿಗೆ ವ್ಯವಸ್ಥೆಯ ಸುಧಾರಣೆಗೆ ಹೋದ ಕಾರ್ಲ್ ಶೂಪ್ ನಿಯೋಗದಲ್ಲಿ ಸದಸ್ಯರಾಗಿದ್ದರು. 1951ರಲ್ಲಿ ಸೆಸಿಲ್ ಥಾಂಪ್ಸನ್ ಅವರೊಂದಿಗೆ ವಿವಾಹವಾಯಿತು.

ಹರಾಜಿನ ಕುರಿತ ಅವರ ಪ್ರಸಿದ್ಧ ಪ್ರಬಂಧ ಜರ್ನಲ್ ಆಫ್ ಫೈನಾನ್ಸ್ ಪತ್ರಿಕೆಯಲ್ಲಿ ಪ್ರಕಟವಾದದ್ದು 1961ರಲ್ಲಿ. ಅದರ ತಿರುಳನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು. ಮುಚ್ಚಿದ ಲಕೋಟೆಯ ಸಾಮಾನ್ಯ ಟೆಂಡರ್‌ನಲ್ಲಿ ಅತಿ ಹೆಚ್ಚು ಬರೆದವರು ಗೆಲ್ಲುತ್ತಾರೆ ಮತ್ತು ಬರೆದಷ್ಟನ್ನೂ ತೆರುತ್ತಾರೆ. ವಸ್ತುವಿನ ಬೆಲೆ ತನ್ನ ಪಾಲಿಗೆ 5,000 ಎಂದು ತಿಳಿದವನು 5,000 ಎಂದೇ ಬರೆದರೆ ಗೆದ್ದೂ ಲಾಭವಿಲ್ಲ. ಹಾಗಾಗಿ 4,000 ಬರೆಯೋಣವೇ, 3,500 ಸಾಕೇ, ಎದುರಿನವನು ಎಷ್ಟು ಬರೆದಿರಬಹುದು ಎಂಬ ಊಹೆಯ ಆಟ ಶುರುವಾಗುತ್ತದೆ. ಊಹೆ ತಪ್ಪಿದರೆ ವಸ್ತು ನಿಜವಾಗಿ ಬೇಕಾದವನ ಕೈತಪ್ಪಿ ಬೇರೊಬ್ಬನ ಪಾಲಾಗುತ್ತದೆ.

ವಿಕ್ರಿ ಬದಲಿಸಿದ್ದು ಒಂದೇ ಒಂದು ಸಾಲನ್ನು. ಹೆಚ್ಚು ಬರೆದವನೇ ಗೆಲ್ಲಲಿ, ಆದರೆ ಅವನು ತೆರಬೇಕಾದದ್ದು ಎರಡನೆಯ ಲಕೋಟೆಯಲ್ಲಿರುವ ಬೆಲೆಯನ್ನು. ಆಗ 5,000ಕ್ಕಿಂತ ಕಡಿಮೆ ಬರೆದು ಉಳಿಸಿಕೊಳ್ಳುವುದೇನೂ ಇಲ್ಲ, ಏಕೆಂದರೆ ತೆರುವ ಹಣ ಇನ್ನೊಬ್ಬನ ಅಂಕಿಯಿಂದ ತೀರ್ಮಾನವಾಗುತ್ತದೆ. ಸುಮ್ಮನೆ ಸೋಲುವ ಅಪಾಯವೊಂದೇ ಹೆಚ್ಚಾಗುತ್ತದೆ. 5,000ಕ್ಕಿಂತ ಹೆಚ್ಚು ಬರೆದರೆ, ಎರಡನೆಯವನು 5,300 ಬರೆದಿದ್ದ ಪಕ್ಷದಲ್ಲಿ 300 ರೂಪಾಯಿ ಕೈಯಿಂದ ಹೋಗುತ್ತದೆ. ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನೇ ಬರೆಯುವುದಕ್ಕಿಂತ ಉತ್ತಮ ತಂತ್ರ ಇನ್ನೊಂದಿಲ್ಲ. ಎದುರಾಳಿಗಳು ಎಷ್ಟು ಜನ, ಜಾಣರೋ ಮೂರ್ಖರೋ ಎಂಬುದನ್ನು ತಿಳಿಯುವ ಅಗತ್ಯವೂ ಇಲ್ಲ. ಮಾರುವವನಿಗೆ ಇದರಿಂದ ನಷ್ಟವಾಗದೇ ಎಂಬ ಸಹಜ ಸಂದೇಹಕ್ಕೂ ಅವರು ಉತ್ತರ ಕೊಟ್ಟರು: ಕೆಲವು ನಿರ್ದಿಷ್ಟ ಸನ್ನಿವೇಶಗಳಲ್ಲಿ ಎರಡೂ ಪದ್ಧತಿಗಳಿಂದ ಮಾರುವವನಿಗೆ ಸರಾಸರಿಯಲ್ಲಿ ಸಿಗುವ ಹಣ ಒಂದೇ ಎಂದು ಗಣಿತದಿಂದ ತೋರಿಸಿದರು. ಅಮೆರಿಕದ ಅಂಚೆಚೀಟಿ ವ್ಯಾಪಾರಿಗಳು 1893ರಷ್ಟು ಹಿಂದೆಯೇ ಅಂಚೆ ಮೂಲಕ ಇಂಥ ಹರಾಜು ನಡೆಸುತ್ತಿದ್ದುದು ಬಹಳ ಕಾಲದ ನಂತರ ಬೆಳಕಿಗೆ ಬಂದಿತು. ವ್ಯಾಪಾರಿಗಳಿಗೆ ಅನುಭವದಿಂದ ಹೊಳೆದದ್ದು ಏಕೆ ಸರಿ ಎಂಬುದನ್ನು ನಿರೂಪಿಸಿದ ಕೀರ್ತಿ ಮಾತ್ರ ವಿಕ್ರಿ ಅವರದೇ.

ಇನ್ನು ಕಿಂಡಿಯ ವಿಚಾರ. ಲಕೋಟೆಗಳನ್ನು ಒಡೆಯುವವನು ಮಾರುವವನೇ ಆದರೆ ಗತಿಯೇನು? ಮೊದಲ ಲಕೋಟೆಯಲ್ಲಿ 5,000, ಎರಡನೆಯದರಲ್ಲಿ 3,200 ಇರುವುದನ್ನು ಕಂಡ ಮೇಲೆ 4,990 ಎಂದು ಬರೆದ ಇನ್ನೊಂದು ಲಕೋಟೆಯನ್ನು ನಡುವೆ ತುರುಕುವುದು ಅವನಿಗೆ ಕಷ್ಟವಲ್ಲ. ಬರೆದಷ್ಟೇ ತೆರುವ ಟೆಂಡರ್‌ನಲ್ಲಿ ಈ ಉಪಾಯ ನಿಷ್ಪ್ರಯೋಜಕ. ಎರಡನೆಯ ಬೆಲೆಯ ಪದ್ಧತಿಯಲ್ಲಿ ಮಾತ್ರ ಇದು ಚಿನ್ನದ ಗಣಿ. ಗೆದ್ದವನು ಸತ್ಯ ನುಡಿದದ್ದೇ ಅವನಿಗೆ ಮುಳುವಾಗುತ್ತದೆ. ವಿಕ್ರಿ ಇದನ್ನು 1961ರ ಪ್ರಬಂಧದಲ್ಲಿಯೇ ಗಮನಿಸಿ ಪರಿಹಾರವನ್ನೂ ಸೂಚಿಸಿದ್ದರು. ಎಲ್ಲ ಬಿಡ್‌ಗಳೂ ಮೊದಲು ನಂಬಿಕಸ್ಥ ಮಧ್ಯವರ್ತಿಯೊಬ್ಬನ ಕೈಸೇರಬೇಕು, ಅವನು ದೃಢೀಕರಿಸಿ ಎಲ್ಲವನ್ನೂ ಒಟ್ಟಿಗೆ ಮಾರುವವನಿಗೆ ಒಪ್ಪಿಸಬೇಕು ಎಂಬುದು ಆ ಸೂಚನೆ.

ನಂಬಿಕಸ್ಥ ಮಧ್ಯವರ್ತಿ ಎಲ್ಲಿ ಸಿಗುತ್ತಾನೆ ಎಂಬುದು ಬೇರೆ ಮಾತು. ಜರ್ಮನ್ ಕವಿ ಗಯಟೆ 1797ರಲ್ಲಿ ತನ್ನ ಕಾವ್ಯವೊಂದನ್ನು ಬರ್ಲಿನ್ನಿನ ಪ್ರಕಾಶಕ ಫೀವೆಗ್‌ಗೆ ಮಾರುವಾಗ ಇದಕ್ಕೆ ಹತ್ತಿರದ ಉಪಾಯ ಹೂಡಿದ್ದ. ತನ್ನ ಕನಿಷ್ಠ ಬೆಲೆ 1,000 ಟಾಲರ್ ಎಂದು ಬರೆದು ಮುದ್ರೆಯೊತ್ತಿದ ಲಕೋಟೆಯನ್ನು ಬಟ್ಟಿಗರ್ ಎಂಬ ವಿದ್ವಾಂಸನಿಗೆ ಒಪ್ಪಿಸಿದ. ಪ್ರಕಾಶಕ ಹೇಳುವ ಬೆಲೆ ಅದಕ್ಕಿಂತ ಹೆಚ್ಚಾದರೆ ಲಕೋಟೆಯಲ್ಲಿರುವಷ್ಟನ್ನೇ ಕೊಟ್ಟರೆ ಸಾಕು, ಕಡಿಮೆಯಾದರೆ ವ್ಯವಹಾರ ರದ್ದು. ತನ್ನ ಕಾವ್ಯಕ್ಕೆ ಪ್ರಕಾಶಕ ನಿಜಕ್ಕೂ ಎಷ್ಟು ಬೆಲೆ ಕಟ್ಟಿದ್ದಾನೆ ಎಂದು ತಿಳಿಯುವ ಆಸೆ ಕವಿಯದು. ಫೀವೆಗ್ ಹೇಳಿದ ಬೆಲೆ ಸರಿಯಾಗಿ 1,000 ಟಾಲರ್. ಬಟ್ಟಿಗರ್ ಮೊದಲೇ ಅವನಿಗೆ ಸುಳಿವು ಕೊಟ್ಟಿದ್ದ.

1961ರ ಪ್ರಬಂಧ ಬಹುಕಾಲ ಯಾರ ಗಮನವನ್ನೂ ಹೆಚ್ಚು ಸೆಳೆಯಲಿಲ್ಲ. ವಿಕ್ರಿ ಅವರಿಗೂ ಅದರ ಬಗ್ಗೆ ಹೇಳಿಕೊಳ್ಳುವ ಅಭಿಮಾನವಿರಲಿಲ್ಲ. ಅದೊಂದು ಅಮೂರ್ತ ವಿಹಾರ, ಜನಹಿತದ ದೃಷ್ಟಿಯಿಂದ ಅಲ್ಪವಾದದ್ದು ಎಂದೇ ಕಡೆಯವರೆಗೂ ಭಾವಿಸಿದ್ದರು. ಅವರ ಹೃದಯವಿದ್ದದ್ದು ನಗರದ ರಸ್ತೆಗಳಲ್ಲಿ. ನ್ಯೂಯಾರ್ಕಿನ ಸುರಂಗ ರೈಲಿಗೆ ದೂರ ಮತ್ತು ಹೊತ್ತಿಗೆ ತಕ್ಕಂತೆ ಬದಲಾಗುವ ದರವನ್ನು 1950ರ ದಶಕದ ಆರಂಭದಲ್ಲಿ ಶಿಫಾರಸು ಮಾಡಿದರು. ನಗರಾಡಳಿತ ಒಪ್ಪಲಿಲ್ಲ. 1959ರಲ್ಲಿ ವಾಷಿಂಗ್ಟನ್ ನಗರದ ವಾಹನ ದಟ್ಟಣೆಗೆ ರಸ್ತೆ ಬಳಕೆಯ ಶುಲ್ಕವೇ ಮದ್ದು ಎಂದು ಸಂಸತ್ತಿನ ಸಮಿತಿಗೆ ತಿಳಿಸಿದರು. ಅದನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಂಗಪುರ 1975ರಲ್ಲಿ, ಲಂಡನ್ 2003ರಲ್ಲಿ ಇಂಥ ಶುಲ್ಕ ಜಾರಿಗೆ ತಂದವು. ಅವರದೇ ನ್ಯೂಯಾರ್ಕಿನಲ್ಲಿ ಅದು ಬಂದದ್ದು 2025ರ ಜನವರಿ 5ರಂದು.

ರೈಲಿನಲ್ಲಿ ಬಂದಿಳಿದು ನಿಲ್ದಾಣದಿಂದ ವಿಶ್ವವಿದ್ಯಾಲಯಕ್ಕೆ ಚಕ್ರದ ಸ್ಕೇಟ್ ಕಟ್ಟಿಕೊಂಡು ಹೋಗುತ್ತಿದ್ದ ಪ್ರಾಧ್ಯಾಪಕ ಎಂದು ಅವರ ಹೆಸರಿತ್ತು. ವಿಚಾರಗೋಷ್ಠಿಗಳಲ್ಲಿ ನಿದ್ದೆ ಹೋದಂತೆ ಕುಳಿತಿದ್ದು, ಕಡೆಗೆ ಕಣ್ಣು ತೆರೆದು ಭಾಷಣಕಾರನ ವಾದದ ಬುಡಕ್ಕೇ ಕೈಹಾಕುವ ಪ್ರಶ್ನೆ ಕೇಳುತ್ತಿದ್ದರೆಂದು ಸಹೋದ್ಯೋಗಿಗಳು ನೆನೆಯುತ್ತಿದ್ದರು.

ಎರಡನೆಯ ಬೆಲೆಯ ಪದ್ಧತಿಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ ಸರ್ಕಾರ ನ್ಯೂಜಿಲೆಂಡಿನದು. 1990ರಲ್ಲಿ ರೇಡಿಯೊ ತರಂಗಾಂತರ ಹರಾಜಿಗಿಟ್ಟಾಗ ಒಂದು ಸಂಸ್ಥೆ 1 ಲಕ್ಷ ಡಾಲರ್ ಬರೆದು 6 ಡಾಲರ್ ತೆತ್ತಿತು. ಇನ್ನೊಂದು 70 ಲಕ್ಷ ಬರೆದು 5,000 ತೆತ್ತಿತು. ಪೈಪೋಟಿ ತೆಳುವಾಗಿದ್ದ ಕಡೆ ಕನಿಷ್ಠ ಬೆಲೆಯನ್ನು ನಿಗದಿ ಮಾಡದೆ ಬಿಟ್ಟದ್ದು ಸರ್ಕಾರದ ಎಡವಟ್ಟು. ಸತ್ಯ ಬರೆದವರು ನಕ್ಕರು, ಸರ್ಕಾರ ನಗೆಪಾಟಲಾಯಿತು.

ಅಂತರ್ಜಾಲದಲ್ಲಿ ತಾಣವೇ ನಂಬಿಕಸ್ಥ ಮಧ್ಯವರ್ತಿಯ ಸ್ಥಾನದಲ್ಲಿ ನಿಂತಿತು. ಆದರೆ ಹೊಸ ಹೆಸರೊಂದನ್ನು ಹುಟ್ಟಿಸಿಕೊಂಡು ಮಾರುವವನೇ ಕೊಳ್ಳುವವನ ವೇಷದಲ್ಲಿ ಬಂದರೆ ತಾಣಕ್ಕೂ ಸುಲಭವಾಗಿ ತಿಳಿಯುವುದಿಲ್ಲ. 2000ದ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ವಕೀಲನೊಬ್ಬ ಇಬೇಯಲ್ಲಿ 25 ಸೆಂಟ್‌ಗಳಿಂದ ಹರಾಜಿಗಿಟ್ಟ ಅಮೂರ್ತ ಚಿತ್ರವೊಂದು, ಖ್ಯಾತ ಕಲಾವಿದ ರಿಚರ್ಡ್ ಡೀಬೆನ್‌ಕಾರ್ನ್ ಅವರದೆಂಬ ಭ್ರಮೆ ಹುಟ್ಟಿಸಿ 1,35,805 ಡಾಲರ್‌ವರೆಗೆ ಏರಿತು. ಅದರ ಮೇಲೆ ಬೇರೆ ಹೆಸರಿನಲ್ಲಿ ಅವನೇ ಬಿಡ್ ಹಾಕಿದ್ದು ಪತ್ತೆಯಾಗಿ ತಾಣ ಮಾರಾಟವನ್ನು ರದ್ದುಪಡಿಸಿತು. ಮೂವರು ಸೇರಿ 40ಕ್ಕೂ ಹೆಚ್ಚು ಹೆಸರುಗಳಲ್ಲಿ ಒಬ್ಬರ ವಸ್ತುವಿನ ಬೆಲೆಯನ್ನು ಇನ್ನೊಬ್ಬರು ಏರಿಸುತ್ತಿದ್ದರೆಂದು 2001ರಲ್ಲಿ ಮೊಕದ್ದಮೆ ದಾಖಲಾಯಿತು, ಇಬ್ಬರು ತಪ್ಪೊಪ್ಪಿಕೊಂಡರು.

ಇಂಥ ಹುಸಿ ಬಿಡ್‌ದಾರನ ನಡೆಯನ್ನು ಗಮನಿಸಿದವರಿಗೆ ಕೆಲವು ಗುರುತುಗಳು ಕಾಣುತ್ತವೆ. ಒಬ್ಬನೇ ಮಾರಾಟಗಾರನ ವಸ್ತುಗಳ ಸುತ್ತ ಸುಳಿಯುತ್ತಾನೆ, ಸಣ್ಣ ಮೆಟ್ಟಿಲುಗಳಲ್ಲಿ ಬೆಲೆ ಏರಿಸಿ ಎದುರಿನವನ ಗುಟ್ಟಿನ ಗರಿಷ್ಠವನ್ನು ತಡಕಾಡುತ್ತಾನೆ, ಆದರೆ ಗೆಲ್ಲುವುದು ಅಪರೂಪ. ಕೆಲವೊಮ್ಮೆ ಮಿತಿಯನ್ನು ದಾಟಿದ ಕೂಡಲೇ ಬಿಡ್ ಹಿಂಪಡೆದು, ಆ ಮಿತಿಗೆ ಕೂದಲೆಳೆ ಕಡಿಮೆಯಾಗುವಂತೆ ಮತ್ತೆ ಹಾಕುತ್ತಾನೆ. ಕೊಳ್ಳುವವರ ಕಡೆಯೂ ಕಪಟವಿದೆ: ಜೊತೆಗಾರನೊಬ್ಬ ಭಾರೀ ಬಿಡ್ ಹಾಕಿ ಉಳಿದವರನ್ನು ಓಡಿಸಿ, ಕೊನೆಯಲ್ಲಿ ಹಿಂಪಡೆದು ಗೆಳೆಯನಿಗೆ ಅಗ್ಗದಲ್ಲಿ ಬಿಟ್ಟುಕೊಡುವುದು.

ಕೊನೆಯ ಕೆಲವು ಸೆಕೆಂಡುಗಳಲ್ಲಿ ಬಿಡ್ ಹಾಕುವ ಚಾಳಿಯನ್ನು ಮಾತ್ರ ಈ ಸಾಲಿಗೆ ಸೇರಿಸಬಾರದು. ನಿಜ ಬೆಲೆ ಹೇಳಿದರೆ ಸಾಕೆಂದು ವಿಕ್ರಿ ತೋರಿಸಿದ ಮೇಲೂ ಜನ ಗಡಿಯಾರ ನೋಡುತ್ತ ಕಾಯುವುದೇಕೆ ಎಂದು ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಶೀಲಿಸಿದರು. ಗೊತ್ತಾದ ಸಮಯಕ್ಕೆ ಮುಗಿಯುತ್ತಿದ್ದ ಇಬೇಯಲ್ಲಿ ಇದು ಹೇರಳವಾಗಿತ್ತು; ಹೊಸ ಬಿಡ್ ಬಂದರೆ 10 ನಿಮಿಷ ಮುಂದಕ್ಕೆ ಹೋಗುತ್ತಿದ್ದ ಅಮೆಜಾನ್ ಹರಾಜುಗಳಲ್ಲಿ ತೀರ ಕಡಿಮೆ. ತನ್ನ ಮಿತಿಯನ್ನು ತಡಕಾಡಲು ಬೇರೆಯವರಿಗೆ ಸಮಯ ಕೊಡದಿರುವುದು ಒಂದು ಬಗೆಯ ಆತ್ಮರಕ್ಷಣೆ. ಭಾರತದಲ್ಲಿ ಇಬೇ 2004ರಲ್ಲಿ ಬಾಜೀ ಡಾಟ್ ಕಾಮ್ ಅನ್ನು ಕೊಂಡು ವಹಿವಾಟು ನಡೆಸಿತು. ಮುಂದೆ ಅದರ ಭಾರತೀಯ ತಾಣ ಬೆಂಗಳೂರಿನ ಫ್ಲಿಪ್‌ಕಾರ್ಟ್ ತೆಕ್ಕೆಗೆ ಬಂದು 2018ರಲ್ಲಿ ಮುಚ್ಚಿತು.

1996ರ ಅಕ್ಟೋಬರ್ 8ರಂದು ವಿಕ್ರಿ ಅವರಿಗೆ ಬ್ರಿಟನ್ನಿನ ಜೇಮ್ಸ್ ಮಿರ್‌ಲೀಸ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿಯದಿರುವಾಗ ನಿಯಮಗಳು ಹೇಗಿರಬೇಕು ಎಂಬ ಸಿದ್ಧಾಂತಕ್ಕೆ ಸಂದ ಗೌರವ ಅದು. ಆಗ ಅವರಿಗೆ 82 ವರ್ಷ. ಪ್ರಶಸ್ತಿಯಿಂದ ಸಿಕ್ಕ ವೇದಿಕೆಯನ್ನು ಹರಾಜಿಗಲ್ಲ, ನಿರುದ್ಯೋಗದ ನಿವಾರಣೆ ಮತ್ತು ರಸ್ತೆ ಶುಲ್ಕದ ಪ್ರಚಾರಕ್ಕೆ ಬಳಸುವ ಉತ್ಸಾಹ ಅವರದಾಗಿತ್ತು. ಮೂರೇ ದಿನಗಳ ನಂತರ, ಅಕ್ಟೋಬರ್ 11ರಂದು, ಮ್ಯಾಸಚೂಸೆಟ್ಸ್‌ನಲ್ಲಿ ನಡೆಯಲಿದ್ದ ವಿಚಾರಗೋಷ್ಠಿಗೆ ತಾವೇ ಕಾರು ನಡೆಸಿಕೊಂಡು ಹೊರಟಿದ್ದಾಗ ನ್ಯೂಯಾರ್ಕಿನ ಹೊರವಲಯದ ಹೆದ್ದಾರಿಯಲ್ಲಿ ಹೃದಯಾಘಾತದಿಂದ ನಿಧನರಾದರು. ಘೋಷಣೆ ಆಗಿಹೋಗಿದ್ದರಿಂದ ಪ್ರಶಸ್ತಿ ಊರ್ಜಿತವಾಗಿಯೇ ಉಳಿಯಿತು. ಡಿಸೆಂಬರ್ ತಿಂಗಳ ಸಮಾರಂಭದಲ್ಲಿ ಅವರ ಪರವಾಗಿ ಅದನ್ನು ಸ್ವೀಕರಿಸಿದವರು ಕೊಲಂಬಿಯಾದ ಹಳೆಯ ಸಹೋದ್ಯೋಗಿ ಲೋವೆಲ್ ಹ್ಯಾರಿಸ್.