ಪುಸ್ತಕದ ಗಂಟು ಹೊತ್ತ ಕಾದಂಬರಿಕಾರ

ಈಚಿನ ವರ್ಷಗಳಲ್ಲಿ ವ್ಯಾಪಾರದ ತರಬೇತಿ ಶಿಬಿರಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: ಸರಕು ಮಾರಬೇಕಾದರೆ ಮೊದಲು ಅದರ ಕಥೆ ಮಾರಬೇಕು. ಮಹಾನಗರದ ಆಡಳಿತ ನಿರ್ವಹಣಾ ಸಂಸ್ಥೆಗಳಲ್ಲಿ ಹುಟ್ಟಿದ ಈ ಮಾತು ಈಗ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಸ್ತ್ರೀಶಕ್ತಿ ಗುಂಪುಗಳ ಸಭೆಯವರೆಗೂ ಬಂದು ತಲುಪಿದೆ. ಪರದೆಯ ಮೇಲೆ ಚಿತ್ರ ತೋರಿಸಿ ಉಪನ್ಯಾಸ ಕೊಡುವ ತರುಣ ತಜ್ಞರು ಅಮೆರಿಕದ ಪಾದರಕ್ಷೆ ಕಂಪನಿಗಳ, ಪಾನೀಯ ಕಂಪನಿಗಳ ಉದಾಹರಣೆ ಕೊಡುತ್ತಾರೆ. ಕೊಡಲಿ, ತಪ್ಪೇನಿಲ್ಲ. ಆದರೆ ಅದೇ ಸೀಮೆಯಲ್ಲಿ, ನೂರು ವರ್ಷಗಳಿಗೂ ಹಿಂದೆ, ಕಥೆಯನ್ನೇ ಸರಕಾಗಿ ಮಾಡಿಕೊಂಡು, ಆ ಸರಕಿಗೆ ಇಲ್ಲದ ಮಾರುಕಟ್ಟೆಯನ್ನು ತನ್ನ ಎರಡು ಕಾಲುಗಳಿಂದಲೇ ನಿರ್ಮಿಸಿದ ಮನುಷ್ಯನೊಬ್ಬನ ಹೆಸರು ಆ ಶಿಬಿರಗಳಲ್ಲಿ ಬಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಅವರು ವೆಂಕಟೇಶ ತಿರಕೋ ಕುಲಕರ್ಣಿ; ನಾಡು ಬಲ್ಲದ್ದು ಗಳಗನಾಥ ಎಂದು.

ವರದಾ ನದಿ ಹಾನಗಲ್ಲ ಸೀಮೆಯನ್ನು ಹಾಯ್ದು ತುಂಗಭದ್ರೆಯನ್ನು ಸೇರುವಲ್ಲಿ ಗಳಗನಾಥ ಎಂಬ ಊರಿದೆ. ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯ ಅಲ್ಲಿ ನದಿಯ ದಂಡೆಯ ಮೇಲೆ ನಿಂತಿದೆ. 1869ರ ಜನವರಿ 5ರಂದು ವೆಂಕಟೇಶರು ಹುಟ್ಟಿದ್ದು ಆ ಊರಿನಲ್ಲಿ. ಮುಂದೆ ಊರಿನ ಹೆಸರನ್ನೇ ತಮ್ಮ ಹೆಸರಾಗಿ ಮಾಡಿಕೊಂಡರು. ಆಗ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಧಾರವಾಡದಲ್ಲಿ ಶಿಕ್ಷಕರ ತರಬೇತಿ ಪಡೆದು ಅವರು ಕನ್ನಡ ಶಾಲೆಯ ಮಾಸ್ತರರಾದರು. ಸರಕಾರಿ ಸಂಬಳದ, ನಿಶ್ಚಿಂತೆಯ ಕೆಲಸ ಅದು. ಸರಕಾರಿ ಸಂಬಳದ ನಿಶ್ಚಿಂತೆ ಎಂಥದೆಂಬುದನ್ನು ಮೂವತ್ತಕ್ಕೂ ಹೆಚ್ಚು ವರ್ಷ ಉಂಡ ನಾನು ಬಲ್ಲೆ. ಅದನ್ನು ಬಿಟ್ಟು ಬರೆಯುವ, ಅಚ್ಚುಹಾಕಿಸುವ, ಮಾರುವ ಬದುಕಿಗೆ ಇಳಿದವರ ಎದೆಗಾರಿಕೆಯ ಬಗ್ಗೆ ನನಗೆ ಗೌರವವಿರುವುದಕ್ಕೆ ಅದೂ ಒಂದು ಕಾರಣ.

ಅವರು ಇಳಿದ ಮಾರುಕಟ್ಟೆ ಎಂಥದು? 1901ರ ಜನಗಣತಿಯ ಪ್ರಕಾರ ದೇಶದಲ್ಲಿ ನೂರಕ್ಕೆ ಆರು ಮಂದಿಯೂ ಅಕ್ಷರಸ್ಥರಿರಲಿಲ್ಲ. ಧಾರವಾಡ ಸೀಮೆಯಲ್ಲಿ ಓದಬಲ್ಲ ಆ ಕೆಲವರ ಪೈಕಿಯೂ ಅನೇಕರ ಓದಿನ ಭಾಷೆ ಮರಾಠಿ. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಿದ್ದು, 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಇವೆಲ್ಲ ಆ ಪರಿಸ್ಥಿತಿಗೆ ಕೊಟ್ಟ ಉತ್ತರಗಳು. ಗಳಗನಾಥರ ಮೊದಲ ಕಾದಂಬರಿ 'ಪ್ರಬುದ್ಧ ಪದ್ಮನಯನೆ'ಗೆ ಅದೇ ಸಂಘದ ಬಹುಮಾನ ಬಂತು. ಬಹುಮಾನವೇನೋ ಬಂತು, ಓದುಗ ಎಲ್ಲಿದ್ದ? ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಬಹಳ ಸ್ವಾರಸ್ಯದ ಪ್ರಶ್ನೆ. ಪೂರೈಕೆ ಇದೆ, ಬೇಡಿಕೆ ಇಲ್ಲ. ಪುಸ್ತಕದಂಗಡಿ ಇಲ್ಲ. ಬಂಡವಾಳ ಹೂಡುವ ಪ್ರಕಾಶಕನಿಲ್ಲ. ಮೇಲಾಗಿ ಕಾದಂಬರಿಯೆಂಬುದು ಅನುಭವಿಸಿದ ಮೇಲೆಯೇ ಬೆಲೆ ತಿಳಿಯುವ ಸರಕು. ಜೋಳವನ್ನು ಕೈಯಲ್ಲಿ ಹಿಡಿದು, ಹಲ್ಲಿನಿಂದ ಕಚ್ಚಿ ನೋಡಿ ಕೊಳ್ಳಬಹುದು. ಓದದ ಕಾದಂಬರಿಯನ್ನು ಏನೆಂದು ನಂಬಿ ಕೊಳ್ಳಬೇಕು?

ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದು ಇದೇ ಪ್ರಶ್ನೆಯನ್ನು ಎದುರಿಸಿದ್ದರು. ಉತ್ತರದಲ್ಲಿ ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರತ್ತ ನೋಡಿದರು. ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಮರಾಠಿ ಬಲ್ಲ ಕನ್ನಡಿಗರು ಆಗಲೇ ಮುಗಿಬಿದ್ದು ಓದುತ್ತಿದ್ದರು. ಅಂದರೆ ರುಚಿ ಹುಟ್ಟಿತ್ತು, ಆದರೆ ಅದು ಪರಭಾಷೆಯ ಪಾತ್ರೆಯಲ್ಲಿತ್ತು. ಆ ರುಚಿಯನ್ನು ಕನ್ನಡದ ಪಾತ್ರೆಗೆ ಬಗ್ಗಿಸಿದ್ದು ಗಳಗನಾಥರ ಮೊದಲ ಜಾಣತನ. ವಿಜಯನಗರದ ಪತನದ ಕಥೆಯಾದ 'ಕನ್ನಡಿಗರ ಕರ್ಮಕಥೆ' ಹಾಗೆ ಬಂದದ್ದು. ಅಲ್ಲಿಗೇ ನಿಲ್ಲದೆ 1913ರಲ್ಲಿ 'ಕುಮುದಿನಿ'ಯನ್ನೂ, 1923ರಲ್ಲಿ ವಿಜಯನಗರದ ಸ್ಥಾಪನೆಯನ್ನು ಕುರಿತ 'ಮಾಧವ ಕರುಣಾ ವಿಲಾಸ'ವನ್ನೂ ಕೊಟ್ಟರು. ಈ ಕೊನೆಯದು ಇಂದಿಗೂ ಅವರ ಶ್ರೇಷ್ಠ ಕೃತಿಯೆಂದು ಹೆಸರಾಗಿದೆ.

ಎರಡನೆಯ ಹೆಜ್ಜೆ ಪತ್ರಿಕೆ. ಹಾವೇರಿಗೆ ಸಮೀಪದ ಅಗಡಿಯಲ್ಲಿ ಶೇಷಾಚಲ ಸ್ವಾಮಿಗಳ ಆನಂದವನವಿತ್ತು. ಅಲ್ಲಿಂದ 1907ರಲ್ಲಿ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ಹೊರಟಿತು. ಗಳಗನಾಥರು ಅದರ ಬೆನ್ನೆಲುಬಾದರು. ಮಠದ ಭಕ್ತರಿಗೆ ಧರ್ಮಬೋಧೆ ಬೇಕು, ಮನೆಯ ಹೆಂಗಸರಿಗೆ ಕಥೆ ಬೇಕು. ಒಂದೇ ಪತ್ರಿಕೆ ಎರಡನ್ನೂ ಹೊತ್ತು ಹೋಗುತ್ತದೆ. ಚಂದಾ ಹಣ ಮುಂಗಡವಾಗಿ ಬರುವುದರಿಂದ ಅಚ್ಚಿನ ಖರ್ಚಿಗೆ ಸಾಹುಕಾರನ ಬಾಗಿಲು ಕಾಯಬೇಕಿಲ್ಲ. ಪುಸ್ತಕದಂಗಡಿ ಇಲ್ಲದ ನಾಡಿನಲ್ಲಿ ಅಂಚೆಯವನೇ ಅಂಗಡಿ. ಈಗಿನ ನಿರ್ವಹಣಾ ಶಾಸ್ತ್ರದವರು ಇದಕ್ಕೆ ಉದ್ದುದ್ದ ಹೆಸರುಗಳನ್ನು ಇಟ್ಟಿದ್ದಾರೆ. ಅಗಡಿಯಲ್ಲಿ ಅದು ಬರಿಯ ವ್ಯವಹಾರ ಜ್ಞಾನವಾಗಿತ್ತು. ಮುಂದೆ 'ಸದ್ಗುರು' ಎಂಬ ಇನ್ನೊಂದು ಪತ್ರಿಕೆಯನ್ನೂ ಅವರು ನಡೆಸಿದರು.

ಮೂರನೆಯದು ಎಲ್ಲರೂ ಬಲ್ಲ ಸಂಗತಿ: ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು, ಮನೆಬಾಗಿಲಿಗೆ ಹೋಗಿ ಮಾರಿದ್ದು. ಇದನ್ನು ನಾವು ತ್ಯಾಗದ ಕಥೆಯಾಗಿ ಮಾತ್ರ ಹೇಳಿಕೊಂಡು ಬಂದಿದ್ದೇವೆ. ತ್ಯಾಗ ಹೌದು. ಸೇವೆಯ ಕೊನೆಯ ವರ್ಷಗಳಲ್ಲಿ ಈ ನಾಲ್ಕು ತಾಲ್ಲೂಕುಗಳಲ್ಲಿ ಜೀಪಿನಲ್ಲಿ ತಿರುಗಿದವನಿಗೂ ಮಳೆಗಾಲದ ಎರೆಮಣ್ಣು ಎಂಥದೆಂದು ಗೊತ್ತು. ಸವಣೂರು ತಾಲ್ಲೂಕಿನ ಯಲವಿಗಿಗೆ ರೈಲು ಇದೆ. ಹಾನಗಲ್ಲಿಗೆ, ಹಿರೇಕೆರೂರಿಗೆ ಇವತ್ತಿಗೂ ಇಲ್ಲ. ಹಾನಗಲ್ಲ ಕಡೆ ಮಲೆನಾಡಿನ ಅಂಚು, ಭತ್ತದ ಗದ್ದೆ, ಕೆರೆಯ ಏರಿ. ಸವಣೂರಂತೂ ಆಗ ಬ್ರಿಟಿಷ್ ಜಿಲ್ಲೆಯೊಳಗೆ ನಡುಗಡ್ಡೆಯಂತಿದ್ದ ನವಾಬರ ಪುಟ್ಟ ಸಂಸ್ಥಾನ. ಇಂಥ ಸೀಮೆಯಲ್ಲಿ ಕಾಗದದ ಭಾರ ಹೊತ್ತು ನಡೆಯುವುದು ಸಣ್ಣ ಕೆಲಸವಲ್ಲ.

ಆದರೆ ಅದು ತ್ಯಾಗ ಮಾತ್ರವಲ್ಲ, ವ್ಯಾಪಾರದ ಸರಿಯಾದ ದಾರಿಯೂ ಆಗಿತ್ತೆಂಬುದು ನನ್ನ ಅಭಿಪ್ರಾಯ. ನಮ್ಮ ಹಳ್ಳಿಗಳಲ್ಲಿ ಓದು ಎಂದರೆ ಕೇಳುವುದು. ಕಟ್ಟೆಯ ಮೇಲೆ ಒಬ್ಬ ಜೈಮಿನಿಯನ್ನೋ ಭಾರತವನ್ನೋ ಓದಿದರೆ ನಾಲ್ವತ್ತು ಜನ ಕೇಳುವ ರೂಢಿ. ಗಳಗನಾಥರ ಗದ್ಯ ಆ ಕಿವಿಗೆ ಬರೆದ ಗದ್ಯ: ಓದುಗರನ್ನು ನೇರವಾಗಿ ಕರೆದು ಮಾತನಾಡಿಸುತ್ತದೆ, ಪುರಾಣಿಕರ ಹಾಗೆ ನಡುವೆ ನಿಂತು ನೀತಿ ಹೇಳುತ್ತದೆ, ಮತ್ತೆ ಕಥೆಗೆ ಮರಳುತ್ತದೆ. ಇಂದಿನ ವಿಮರ್ಶಕನಿಗೆ ಅದು ದೋಷವಾಗಿ ಕಾಣಬಹುದು. ಊರಿಗೆ ಒಂದೇ ಪ್ರತಿ ಕೊಂಡರೂ ಓಣಿಯೆಲ್ಲ ಕೇಳುವ ಮಾರುಕಟ್ಟೆಗೆ ತಕ್ಕ ಗದ್ಯ ಅದೇ. ಒಂದು ಪ್ರತಿಯನ್ನು ನಾಲ್ವತ್ತು ಜನ ಪುಕ್ಕಟೆ ಕೇಳಿದರೆ ಮೂವತ್ತೊಂಬತ್ತು ಪ್ರತಿಗಳ ನಷ್ಟವಾಯಿತೆಂದು ಇಂದಿನ ಲೆಕ್ಕಿಗ ಬರೆದುಕೊಳ್ಳುತ್ತಾನೆ. ಮುಂದಿನ ಪುಸ್ತಕಕ್ಕೆ ಕಾಯುವ ನಾಲ್ವತ್ತು ಜನ ಹುಟ್ಟಿದರೆಂಬುದು ಬೇರೊಂದು ಲೆಕ್ಕ. ಬರೆದವನೇ ಬಾಗಿಲಿಗೆ ಬಂದು ನಿಂತಾಗ, ಓದದ ಕಾದಂಬರಿಯನ್ನು ಏನೆಂದು ನಂಬುವುದು ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು: ಮನುಷ್ಯನನ್ನು ನೋಡಿ ನಂಬುವುದು.

ಈ ನಂಬಿಕೆಯ ಮಾತಿಗೆ ನನ್ನ ಸೇವಾವಧಿಯ ಒಂದು ಪ್ರಸಂಗ ಸೇರಿಸಬೇಕು. ಹಿರೇಕೆರೂರು ತಾಲ್ಲೂಕಿನ ಒಂದು ಮಹಿಳಾ ಗುಂಪು ಮೆಣಸಿನಪುಡಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಮಾಡಿ ಮಾರುತ್ತಿತ್ತು. ಮಾರಾಟ ಹೆಚ್ಚಿಸಲು ಸಲಹಾ ಸಂಸ್ಥೆಯೊಂದನ್ನು ನೇಮಿಸಲಾಗಿತ್ತು. ಆ ಸಂಸ್ಥೆಯವರು ಹೊಸ ಪೊಟ್ಟಣದ ಮೇಲೆ ಒಂದು ಕಥೆ ಅಚ್ಚುಹಾಕಿಸಿ ತಂದರು: ಈ ಚಟ್ನಿಪುಡಿ ನವಾಬರ ಅಡುಗೆಮನೆಯ ಇನ್ನೂರು ವರ್ಷಗಳ ಗುಟ್ಟೆಂದು. ಗುಂಪಿನ ಹಿರಿಯಾಕೆ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ತನ್ನ ಅತ್ತೆ ಕಲಿಸಿದ್ದು, ನವಾಬರು ಎಲ್ಲಿಂದ ಬಂದರು ಎಂದು ಕೇಳಿದರು. ಆ ಪ್ರಶ್ನೆಗೆ ಸಲಹೆಗಾರರು ಕೊಟ್ಟ ಉತ್ತರ ನಗು ಮಾತ್ರ. ಪೊಟ್ಟಣಗಳನ್ನು ನಾನು ತಡೆಹಿಡಿದೆ. ಬದಲಿಗೆ ಮೆಣಸಿನಕಾಯಿ ಯಾವ ಊರಿನದು, ಯಾವ ವಾರ ಕುಟ್ಟಿದ್ದು, ಕುಟ್ಟಿದವರು ಯಾರು ಎಂಬ ಮೂರು ಸಾಲು ಹಾಕಿಸಿದೆವು. ಮಾರಾಟ ಗಗನಕ್ಕೇರಿತೆಂದು ಹೇಳಿದರೆ ಅದೂ ಇನ್ನೊಂದು ನವಾಬರ ಕಥೆಯಾದೀತು, ಹಾಗೇನೂ ಆಗಲಿಲ್ಲ. ಆದರೆ ಹುಬ್ಬಳ್ಳಿಯ ಒಂದಿಬ್ಬರು ಅಂಗಡಿಕಾರರು ಊರಿನ ಹೆಸರು ಹೇಳಿ ಮರಳಿ ಕೇಳತೊಡಗಿದರು.

ಗಳಗನಾಥರು ಮಾರಿದ್ದೂ ಕಲ್ಪಿತ ಕಥೆಯನ್ನೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಕಾದಂಬರಿಯನ್ನು ಕಾದಂಬರಿಯೆಂದೇ ಹೇಳಿ ಮಾರುವುದು ಬೇರೆ, ಚಟ್ನಿಪುಡಿಗೆ ಸುಳ್ಳು ವಂಶಾವಳಿ ಕಟ್ಟುವುದು ಬೇರೆ. ಹಾಗೆಂದು ಅವರ ಕಥೆಗಳಿಗೆ ಯಾವ ಹೊಣೆಯೂ ಇಲ್ಲವೆಂದು ನಾನು ಹೇಳಲಾರೆ. ಕನ್ನಡಿಗರಲ್ಲಿ ಸ್ವಾಭಿಮಾನವನ್ನು ಎಚ್ಚರಿಸಲು ಅವರು ವಿಜಯನಗರವನ್ನು ಆರಿಸಿಕೊಂಡರು. ಆ ಕಾಲದ ಐತಿಹಾಸಿಕ ಕಾದಂಬರಿಗಳಲ್ಲಿ, ಮರಾಠಿಯಲ್ಲಾಗಲಿ ಬಂಗಾಳಿಯಲ್ಲಾಗಲಿ, ಎದುರಾಳಿಯನ್ನು ಅವನ ಧರ್ಮದಿಂದಲೇ ಗುರುತಿಸುವ ರೂಢಿ ಇತ್ತು. ಕನ್ನಡದ ಆರಂಭದ ಕಾದಂಬರಿಯೂ ಆ ನೆರಳಿನಿಂದ ಪೂರ್ತಿ ಹೊರಗಿರಲಿಲ್ಲ. ಓದುಗನ ರಕ್ತ ಕುದಿಸುವ ಕಥೆ ಬೇಗ ಮಾರಾಟವಾಗುತ್ತದೆ. ಸವಣೂರಿನಂಥ ಊರಿನಲ್ಲಿ, ಉರುಸು ಮತ್ತು ಜಾತ್ರೆಗಳ ಬಂದೋಬಸ್ತು ಸಭೆಗಳಲ್ಲಿ ಎರಡೂ ಸಮಾಜಗಳ ಹಿರಿಯರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಮಾತನಾಡಿಸಿದ ಅಧಿಕಾರಿಗೆ, ಇಂಥ ಕಥೆಗಳು ಮಾರುವವನ ಕೈಬಿಟ್ಟ ಮೇಲೂ ಎಷ್ಟು ಕಾಲ ಓಡಾಡುತ್ತವೆ ಎಂಬುದರ ಅರಿವಿರುತ್ತದೆ. ಗಳಗನಾಥರನ್ನು ನಮ್ಮ ಕಾಲದ ತಕ್ಕಡಿಯಲ್ಲಿ ಮಾತ್ರ ತೂಗುವುದು ನ್ಯಾಯವಲ್ಲ. ಅವರನ್ನು ಓದುವಾಗ ಇದನ್ನು ಮರೆಯುವುದೂ ನ್ಯಾಯವಲ್ಲ.

ವ್ಯಾಪಾರದ ದೃಷ್ಟಿಯಿಂದ ಅವರ ಬದುಕು ಯಶಸ್ಸಿನ ಕಥೆಯೇ? ಅವರು ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು, ಕಾದಂಬರಿ ಪಿತಾಮಹರೆಂಬ ಬಿರುದನ್ನು ಜನರಿಂದ ಪಡೆದರು. ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಒಮ್ಮೆಯೂ ಸಿಗಲಿಲ್ಲ. ಪುಸ್ತಕದಿಂದ ಸಂಪತ್ತು ಬರಲಿಲ್ಲ. ಅವರು ದುಡಿದು ಕಟ್ಟಿದ ಓದುಗ ವರ್ಗದ ಲಾಭ ಬಂದದ್ದು ಅವರ ನಂತರದವರಿಗೆ: ಅ.ನ.ಕೃ., ತ.ರಾ.ಸು. ಅವರ ಕಾಲಕ್ಕೆ ಕನ್ನಡದಲ್ಲಿ ಕಾದಂಬರಿ ಕೊಂಡು ಓದುವವರು ಸಾವಿರಗಟ್ಟಲೆ ಇದ್ದರು. ಒಬ್ಬ ನೆಟ್ಟ ಮರದ ಹಣ್ಣನ್ನು ಇನ್ನೊಬ್ಬ ಉಣ್ಣುವ ಇಂಥ ಸ್ಥಿತಿಯನ್ನು ಅರ್ಥಶಾಸ್ತ್ರ ಮಾರುಕಟ್ಟೆಯ ವೈಫಲ್ಯವೆಂದು ಕರೆಯುತ್ತದೆ, ಸರಕಾರದ ನೆರವಿಗೆ ಅದನ್ನೇ ಸಮರ್ಥನೆಯಾಗಿ ಕೊಡುತ್ತದೆ. ಗಳಗನಾಥರ ಕಾಲದಲ್ಲಿ ಗ್ರಂಥಾಲಯಗಳಿಗೆ ಸಗಟು ಖರೀದಿ ಎಂಬುದಿರಲಿಲ್ಲ. 1942ರ ಏಪ್ರಿಲ್ 22ರಂದು ಅವರು ತೀರಿಕೊಂಡರು.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಪುಸ್ತಕ ಮಳಿಗೆಗಳ ಸಾಲಿನಲ್ಲಿ ನುಗ್ಗಾಟ ಸಮ್ಮೇಳನಗಳಲ್ಲಿ ಎಂದಿಗೂ ಇರುವಂಥದೇ. ಆದರೆ ಸಮ್ಮೇಳನ ಮುಗಿದ ಮರುವಾರ ಹಾನಗಲ್ಲಿನಲ್ಲೋ ಹಿರೇಕೆರೂರಿನಲ್ಲೋ ಒಬ್ಬ ಶಾಲಾ ಮಾಸ್ತರರು 'ಮಾಧವ ಕರುಣಾ ವಿಲಾಸ' ಕೊಳ್ಳಬೇಕೆಂದರೆ ಧಾರವಾಡಕ್ಕೋ ಬೆಂಗಳೂರಿಗೋ ಹೇಳಿಕಳಿಸಬೇಕು. ನಮ್ಮ ಕಾನೂನಿನಂತೆ ಲೇಖಕ ತೀರಿಕೊಂಡ ಅರವತ್ತು ವರ್ಷಗಳ ನಂತರ ಕೃತಿಸ್ವಾಮ್ಯ ಮುಗಿಯುತ್ತದೆ. ಆದ್ದರಿಂದ 2003ರಿಂದ ಗಳಗನಾಥರ ಪುಸ್ತಕಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಯಾರೂ ಅಚ್ಚುಹಾಕಬಹುದು. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಬಸ್ ನಿಲ್ದಾಣಗಳಿವೆ, ಅವುಗಳಲ್ಲಿ ಮಹಿಳಾ ಗುಂಪುಗಳಿಗೆ ಮಳಿಗೆ ಕೊಡುವ ಅಧಿಕಾರ ಸರಕಾರದ ಕೈಯಲ್ಲೇ ಇದೆ. ಸಣ್ಣ ಟಿಪ್ಪಣಿ, ಒಂದು ಒಳ್ಳೆಯ ಮುನ್ನುಡಿ ಸೇರಿಸಿ, ಬಸ್ಸಿನಲ್ಲಿ ಹಿಡಿದು ಓದಬಹುದಾದ ಗಾತ್ರದಲ್ಲಿ ಮೂರು ನಾಲ್ಕು ಕಾದಂಬರಿಗಳನ್ನು ಅಚ್ಚುಹಾಕಿಸಿ, ಅಲ್ಲಿ ರೊಟ್ಟಿ, ಚಟ್ನಿಪುಡಿಗಳ ಪಕ್ಕದಲ್ಲಿ ಇಡಲು ಜಿಲ್ಲಾ ಪಂಚಾಯಿತಿಗೆ ಬೇಕಾದ ಹಣ ಒಂದು ತರಬೇತಿ ಶಿಬಿರದ ಖರ್ಚಿಗಿಂತ ಹೆಚ್ಚಾಗಲಾರದು.