ರೆವರೆಂಡ್ ಕಿಟ್ಟೆಲ್: ಕನ್ನಡಕ್ಕೆ ಬಾಳು ತೆತ್ತ ಪಾದ್ರಿ

ನವೆಂಬರ್ ತಿಂಗಳು ಬಂತೆಂದರೆ ಪರಊರಿನಲ್ಲಿ ನೆಲೆಸಿರುವ ನಾವು ಕನ್ನಡದ ಕವಿಗಳನ್ನೂ ಏಕೀಕರಣಕ್ಕಾಗಿ ದುಡಿದ ಹಿರಿಯರನ್ನೂ ನೆನೆಯುತ್ತೇವೆ. ಅದು ನಮ್ಮ ಕರ್ತವ್ಯವೇ ಸರಿ. ಆದರೆ ಅದೇ ಸಾಲಿನಲ್ಲಿ ನೆನೆಯತಕ್ಕ ಇನ್ನೊಬ್ಬ ಮಹನೀಯರಿದ್ದಾರೆ. ಕನ್ನಡ ಅವರ ತಾಯ್ನುಡಿಯಲ್ಲ. ಇಪ್ಪತ್ತೊಂದರ ಪ್ರಾಯದಲ್ಲಿ ನಮ್ಮ ನಾಡಿಗೆ ಬಂದು ಅವರು ಕಲಿತ ನುಡಿ. ನಮ್ಮ ಸಂಘದ ಪುಸ್ತಕದ ಕಪಾಟಿನಲ್ಲಿ ಎರಡು ಕೈಯಿಂದ ಎತ್ತಬೇಕಾದ ಒಂದು ದಪ್ಪ ನಿಘಂಟಿದೆಯಲ್ಲವೆ, ಅದರ ಕರ್ತೃ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರೇ ಆ ಮಹನೀಯರು.

ಕಿಟ್ಟೆಲ್ ಅವರು ಹುಟ್ಟಿದ್ದು 1832ನೆಯ ಇಸವಿ ಏಪ್ರಿಲ್ 7ರಂದು, ಉತ್ತರ ಜರ್ಮನಿಯ ಸಮುದ್ರ ತೀರದ ಸೀಮೆಯಲ್ಲಿ, ರೆಸ್ಟರ್‌ಹಾಫೆ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಪಾದ್ರಿಗಳು. ಮನೆಯಲ್ಲಿ ದೈವಭಕ್ತಿಗೂ ವಿದ್ಯೆಗೂ ಸಮನಾದ ಸ್ಥಾನವಿತ್ತು. ಬಾಲ್ಯದಿಂದಲೇ ಹಲವು ಭಾಷೆಗಳನ್ನು ಕಲಿಯುವ ಹಂಬಲ ಅವರಿಗೆ ಅಂಟಿಕೊಂಡಿತು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಶಾಲೆಯನ್ನು ಸೇರಿ, ಮೂರು ವರ್ಷಗಳ ತರುವಾಯ 1853ರಲ್ಲಿ ಹಡಗು ಹತ್ತಿ ಭಾರತಕ್ಕೆ ಬಂದರು. ಯೇಸುವಿನ ಸುವಾರ್ತೆಯನ್ನು ಜನರಿಗೆ ಮುಟ್ಟಿಸಬೇಕೆಂಬುದೇ ಅವರ ಹೃದಯದ ಆಸೆಯಾಗಿತ್ತು.

ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕಿಟ್ಟೆಲ್ ಅವರು ಬರುವ ಹೊತ್ತಿಗೆ ಅಲ್ಲಿ ಅಚ್ಚುಕೂಟವಿತ್ತು. ಹೆರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ್ದರು. ಜೈಮಿನಿ ಭಾರತ, ಬಸವ ಪುರಾಣದಂಥ ಗ್ರಂಥಗಳನ್ನೂ ಅಚ್ಚು ಹಾಕಿಸಿದ್ದರು. ತರುಣ ಕಿಟ್ಟೆಲ್ ಆ ಹಾದಿಯಲ್ಲಿ ಮತ್ತಷ್ಟು ಮುಂದಕ್ಕೆ ಹೋದರು. ಯಾರ ನಡುವೆ ಬೋಧಿಸುತ್ತೇವೆಯೋ ಅವರಂತೆಯೇ ಆಗಬೇಕೆಂದು ಸಂತ ಪೌಲರು ಹಾಕಿಕೊಟ್ಟ ದಾರಿಯನ್ನು ಅವರು ಅಕ್ಷರಶಃ ಹಿಡಿದರು. ಭಾರತದವರಿಗೆ ಭಾರತದವನಾಗಬೇಕೆಂದು ಜನರೊಡನೆ ಬೆರೆತರು, ಊರೂರು ತಿರುಗಿದರು, ಪಂಡಿತರ ಬಳಿ ಕುಳಿತು ಹಳಗನ್ನಡವನ್ನೂ ಸಂಸ್ಕೃತವನ್ನೂ ಕಲಿತರು.

ಇದು ಅವರ ಸಂಗಡಿಗರಿಗೂ ಮೇಲಿನವರಿಗೂ ಹಿಡಿಸಲಿಲ್ಲ. ಮತಪ್ರಚಾರಕ್ಕೆಂದು ಕಳುಹಿಸಿದ ಮನುಷ್ಯನು ಓಲೆಗರಿಗಳ ಹಿಂದೆ ಬಿದ್ದಿದ್ದಾನೆಂಬ ಅಸಮಾಧಾನವನ್ನು ಅವರು ಬಹುಕಾಲ ಎದುರಿಸಬೇಕಾಯಿತು. ನಾವು ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಮಂದಿ; ಜಮೆ ಒಂದು ಕಡೆ, ಖರ್ಚು ಒಂದು ಕಡೆ, ದಿನದ ಕೊನೆಗೆ ಎರಡೂ ತಾಳೆಯಾಗಬೇಕು. ಹೀಗೆ ವರ್ಷ ವರ್ಷದ ಲೆಕ್ಕ ನೋಡುವವರ ಕಣ್ಣಿಗೆ ಕಿಟ್ಟೆಲ್ ಅವರ ಖಾತೆಯಲ್ಲಿ ನಷ್ಟವೇ ಕಂಡಿರಬೇಕು.

ಮನೆಯಲ್ಲಿಯೂ ಸುಖ ನಿಲ್ಲಲಿಲ್ಲ. 1860ರಲ್ಲಿ ಪೌಲಿನ್ ಐತ್ ಎಂಬವರನ್ನು ಮದುವೆಯಾದರು. ನಾಲ್ಕೇ ವರ್ಷ, 1864ರಲ್ಲಿ ಆಕೆ ತೀರಿಕೊಂಡರು. ಮುಂದೆ 1867ರಲ್ಲಿ ಆಕೆಯ ತಂಗಿ ಜೂಲಿಯವರ ಕೈಹಿಡಿದರು. ಹೊರಗೆ ಮೆಚ್ಚುಗೆಯಿಲ್ಲ, ಒಳಗೆ ಮನೆಯೊಡತಿಯಿಲ್ಲ, ಸುತ್ತ ಪರದೇಶ. ಇಂಥ ಹೊತ್ತಿನಲ್ಲಿ ಗಂಟು ಕಟ್ಟಿಕೊಂಡು ಊರಿಗೆ ಹೊರಟುಬಿಡುವವರೇ ಹೆಚ್ಚು. ಕಿಟ್ಟೆಲ್ ಅವರು ಕೆಲಸ ಬಿಡಲಿಲ್ಲ.

ಅವರ ನಂಬಿಕೆ ಕಷ್ಟವನ್ನು ದೂರ ಮಾಡಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಕಷ್ಟದ ನಡುವೆಯೂ ನಾಳೆ ಬೆಳಿಗ್ಗೆ ಎದ್ದು ಮತ್ತೆ ಅದೇ ಮೇಜಿನ ಮುಂದೆ ಕೂಡುವ ತಾಳ್ಮೆಯನ್ನು ಅದು ಕೊಟ್ಟಿತು. ದೇವರ ಸೇವೆ ಬೇರೆ, ಕನ್ನಡದ ಸೇವೆ ಬೇರೆ ಎಂದು ಅವರು ಎಣಿಸಲಿಲ್ಲವೆಂಬುದು ಅವರ ನಡೆಯಿಂದಲೇ ತೋರುತ್ತದೆ. 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಕಾವ್ಯದ ಧಾಟಿಯಲ್ಲಿಯೇ ಹಾಡಿ ಕಥಾಮಾಲೆಯನ್ನು ಪ್ರಕಟಿಸಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಶೋಧಿಸಿ ಅಚ್ಚಿಗೆ ತಂದರು. ಕ್ರೈಸ್ತ ಪಾದ್ರಿಯೊಬ್ಬರು ಜೈನ ವೈಯಾಕರಣನ ಕೃತಿಯನ್ನು ಭಕ್ತಿಯಿಂದ ತಿದ್ದಿ ನಮ್ಮ ಕೈಗಿತ್ತರೆಂಬುದು ಸಣ್ಣ ಮಾತಲ್ಲ.

ಇವೆಲ್ಲಕ್ಕೂ ಮುಕುಟದಂತಿರುವುದು ನಿಘಂಟು. ಅವರಿಗೆ ಮುಂಚೆ ರೀವ್ ಅವರ ನಿಘಂಟು ಇತ್ತಾದರೂ ಹಳಗನ್ನಡ ಕಾವ್ಯಗಳಿಗೆ ಅದು ಸಾಲುತ್ತಿರಲಿಲ್ಲ. ಕಿಟ್ಟೆಲ್ ಅವರು ಕಾವ್ಯದ ಪದ, ಆಡುಮಾತಿನ ಪದ, ಗಾದೆಯೊಳಗಿನ ಪದ ಎಲ್ಲವನ್ನೂ ಕೂಡಿಸಿದರು. ಮಗ, ಮನೆ, ನೀರು ಎಂಬಂಥ ದಿನಬಳಕೆಯ ಪದಗಳನ್ನೂ ಬಿಡದೆ, ತಮಿಳು, ತೆಲುಗು, ಮಲಯಾಳ, ತುಳು ನುಡಿಗಳಲ್ಲಿ ಅವುಗಳ ಬಂಧುಗಳಾರೆಂದು ಹುಡುಕಿ ನಮೂದಿಸಿದರು. ನಡುವೆ 1877ರಲ್ಲಿ ಸ್ವದೇಶಕ್ಕೆ ಹಿಂತಿರುಗಬೇಕಾಯಿತು. ಕನಸು ಅಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ಐವತ್ತು ದಾಟಿದ ಮೇಲೆ ಅವರು ಪುನಃ ಕನ್ನಡ ನಾಡಿಗೆ ಬಂದು ಕೆಲಸ ಮುಂದುವರಿಸಿದರು; 1892ರಲ್ಲಿ ಕೊನೆಯ ಸಲ ಜರ್ಮನಿಗೆ ಮರಳಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಿದ್ದಿತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು! ಆಗ ಅವರಿಗೆ ಅರವತ್ತೆರಡು ವರ್ಷ.

ಎರಡು ವರ್ಷಗಳ ಬಳಿಕ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಅವರು ಆಗಲೂ ವಿಶ್ರಮಿಸಲಿಲ್ಲ. 1903ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಕಣ್ಣು ಮುಚ್ಚಿದರು.

ಈಗ ಆ ಖಾತೆಯನ್ನು ಮತ್ತೊಮ್ಮೆ ತೆರೆದು ನೋಡೋಣ. ಮದರಾಸು ವಿಶ್ವವಿದ್ಯಾಲಯಕ್ಕಾಗಿ ಮರಿಯಪ್ಪ ಭಟ್ಟರು ಈ ನಿಘಂಟನ್ನು ಪರಿಷ್ಕರಿಸಿ, ಅದು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದಿತು. ಧಾರವಾಡದಲ್ಲಿ ಕಿಟ್ಟೆಲ್ ಅವರ ಹೆಸರಿನ ಕಾಲೇಜಿದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಂತಿದೆ. ಒಂದು ಕಾಲಕ್ಕೆ ನಷ್ಟವೆಂದು ಬರೆದದ್ದು ಇಡೀ ನಾಡಿನ ಪಾಲಿಗೆ ಜಮೆಯಾಯಿತು. ಬಡ್ಡಿ ಇನ್ನೂ ಬೆಳೆಯುತ್ತಲೇ ಇದೆ.

ಕನ್ನಡ ಬಂಧುಗಳೇ, ಈ ದೊಡ್ಡ ಪಟ್ಟಣದಲ್ಲಿ ನಮ್ಮ ಮಕ್ಕಳು ಮನೆಯ ಹೊಸ್ತಿಲು ದಾಟಿದರೆ ಕನ್ನಡ ಕಿವಿಗೆ ಬೀಳುವುದಿಲ್ಲ. ಅಜ್ಜಿ ಆಡಿದ ಮಾತಿನ ಅರ್ಥವನ್ನು ಅವರು ಕೇಳಿದಾಗ ನಾವೇ ತಡವರಿಸುತ್ತೇವೆ. ಪುರುಸೊತ್ತಿಲ್ಲ, ಅನುಕೂಲವಿಲ್ಲ ಎಂಬ ನೆಪ ನಮ್ಮ ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. ಅನುಕೂಲವಿಲ್ಲದ ಕಾಲದಲ್ಲಿಯೇ ಪರದೇಶದ ಪಾದ್ರಿಯೊಬ್ಬರು ದೇವರ ಮೇಲೆ ಭಾರ ಹಾಕಿ ಎಪ್ಪತ್ತು ಸಾವಿರ ಪದಗಳನ್ನು ನಮಗಾಗಿ ಕೂಡಿಟ್ಟರು. ದಿನಕ್ಕೊಂದು ಪದವನ್ನು ಮಕ್ಕಳ ಬಾಯಿಗೆ ಹಾಕುವುದು ನಮ್ಮಿಂದಾಗದೆ? ಈ ರಾಜ್ಯೋತ್ಸವದಂದು ಆ ದಪ್ಪ ಪುಸ್ತಕದ ಧೂಳು ಕೊಡವಿ ಒಂದು ಪುಟವನ್ನಾದರೂ ತೆರೆಯೋಣ. ಕಿಟ್ಟೆಲ್ ಅವರಿಗೆ ನಾವು ಸಲ್ಲಿಸಬಹುದಾದ ಕಾಣಿಕೆ ಅದೇ.